ಹತ್ತೂ ಹದಿನೆಂಟೂ ಒಟ್ಟಿಗೆ ಬಾಳಿದ ಮುಂಗಾರು

ಕಳೆದ ವಾರ ಹಿರಿಯೂರಿನಲ್ಲಿ ಹೊಸದುರ್ಗದ ಬಸ್ಸು ಹತ್ತಿ ಕೂತಿದ್ದೆ. ಹೊರಗೆ ಮಳೆ. ಬಸ್ಸು ಹೊರಡುವ ಹೊತ್ತಿಗೆ ತೊಯ್ದ ಕಂಬಳಿ ಹೊದ್ದ ಹಿರಿಯರೊಬ್ಬರು ಹತ್ತಿ, "ಸ್ವಲ್ಪ ಸರ್ಕಳ್ರಿ ತಾಯಿ" ಎಂದು ನನ್ನ ಪಕ್ಕದಲ್ಲೇ ಕೂತರು. ಹಿಂದಿನ ಸೀಟಿನವರು ಮೂಗಿಗೆ ಸೆರಗು ಹಿಡಿದರು. ನಾನು ಮಾತ್ರ ಎದೆ ತುಂಬ ಉಸಿರೆಳೆದುಕೊಂಡೆ. ಒದ್ದೆ ಉಣ್ಣೆಯ ಆ ಘಾಟು ಮೂಗಿಗೆ ಬಿದ್ದರೆ ಈಗಲೂ ನನ್ನ ಬೆರಳುಗಳು ತಾವಾಗಿ ಏನನ್ನೋ ಟೈಪು ಮಾಡಲು ಹೊರಡುತ್ತವೆ. ಕುರಿಗೂ ಕೀಬೋರ್ಡಿಗೂ ಏನು ನಂಟು ಅಂತ ಕೇಳಬೇಡಿ. ಅದನ್ನೇ ಹೇಳಲು ಹೊರಟಿದ್ದೇನೆ.

ಮೂರು ವರ್ಷದ ಹಿಂದಿನ ಮಾತು. ಹೊಸದುರ್ಗದಲ್ಲಿ ಕುರಿ ಸಾಕುವವರ ಒಂದು ಸಣ್ಣ ಸಂಘವಿತ್ತು. ಗೊಬ್ಬರದ ಅಂಗಡಿಯ ಮೇಲಿನ ಒಂದೇ ಕೋಣೆ, ಎರಡು ಮೇಜು, ಒಂದು ಲ್ಯಾಪ್‌ಟಾಪು, ಲಸಿಕೆಯ ಚೀಟಿ ಮುದ್ರಿಸುವ ಪುಟ್ಟದೊಂದು ಪ್ರಿಂಟರು. ಆ ಲ್ಯಾಪ್‌ಟಾಪಿಗೆ ನಾನು ಒಡತಿ. ಬಿಸಿಎ ಮುಗಿಸಿ ಚಿತ್ರದುರ್ಗದಿಂದ ಬಂದವಳು, ಬಾಯಿ ಜೋರು, ಸಿಟ್ಟು ಮೂಗಿನ ತುದಿಯಲ್ಲಿ. ಇನ್ನೊಂದು ಮೇಜಿನ ಮೇಲೆ ಕಾರ್ಯದರ್ಶಿ ತಿಪ್ಪೇಸ್ವಾಮಣ್ಣ ಕೂರುತ್ತಿದ್ದರು, ಅಂದರೆ ಮೇಜಿನ ಹಿಂದೆ. ಐವತ್ತು ದಾಟಿದ ಮೆತ್ತನೆಯ ಮನುಷ್ಯ. ಯಾವುದನ್ನೂ ತೆರೆದಿಟ್ಟು ಎದ್ದವರಲ್ಲ: ನಲ್ಲಿ, ಬೀಗ, ಪೆನ್ನಿನ ಮುಚ್ಚಳ, ಎಲ್ಲವನ್ನೂ ಮುಚ್ಚಿಯೇ ಏಳುತ್ತಿದ್ದರು. ನಾನು ತೆರೆದಿಟ್ಟದ್ದನ್ನೂ ಅವರೇ ಮುಚ್ಚುತ್ತಿದ್ದರು. ಈ ಗುಣ ಮುಂದೆ ಹೇಗೆ ಕುತ್ತಿಗೆಗೆ ಬಂತು ಅನ್ನುವುದನ್ನು ಹೇಳುತ್ತೇನೆ.

ನಮ್ಮ ಕಡೆ ಮುಂಗಾರು ಬಿದ್ದು ಬಿತ್ತನೆ ಶುರುವಾದರೆ ಊರಲ್ಲಿ ಕುರಿಗೆ ಕಾಲಿಡಲು ಜಾಗವಿಲ್ಲ. ಎಲ್ಲಿ ನೋಡಿದರೂ ಪೈರು. ಆಗ ಮಂದೆಗಳು ಗುಡ್ಡ, ಮೇಯಲು ಬಿಟ್ಟ ಕಾವಲು ಹುಡುಕಿಕೊಂಡು ಹೊರಡುತ್ತವೆ. ಕೆಲವರು ಹೊಳಲ್ಕೆರೆ ಕಡೆ, ಕೆಲವರು ಭರಮಸಾಗರದ ಕಡೆ, ಇನ್ನು ಕೆಲವರು ಹಿರಿಯೂರಿನ ಆಚೆ. ಮಳೆಗಾಲದಲ್ಲಿ ನೊಣ, ಗುಂಗುರು ಹೆಚ್ಚಾದಂತೆ ಬರುವುದು ನೀಲಿ ನಾಲಿಗೆ ರೋಗ. ಬಾಯಿ ಊದಿ, ಮೇವು ಬಿಟ್ಟು, ಕುರಿ ನಿಂತಲ್ಲೇ ಕುಸಿಯುತ್ತದೆ. ಅದಕ್ಕೆ ಹೊರಡುವ ಮುಂಚೆ ಒಂದು ಲಸಿಕೆ, ನಾಲ್ಕು ವಾರಕ್ಕೆ ಇನ್ನೊಂದು. ಮೊದಲನೆಯದನ್ನು ಎಲ್ಲರೂ ಹಾಕಿಸುತ್ತಾರೆ. ಎರಡನೆಯ ಹೊತ್ತಿಗೆ ಯಾರು ಯಾವ ಗುಡ್ಡದಲ್ಲಿರುತ್ತಾರೋ, ವಾರದ ಲೆಕ್ಕ ಯಾರಿಗೆ ನೆನಪಿರುತ್ತದೋ. ಹಿಂದಿನ ವರ್ಷ ಕ್ಯಾತಮ್ಮಜ್ಜಿ ಎನ್ನುವ ಮತ್ತೋಡು ಕಡೆಯ ಮುದುಕಿಯ ಅರ್ಧ ಮಂದೆ ಹಾಗೆಯೇ ಹೋಗಿತ್ತು. ಎರಡನೇ ಸೂಜಿಯ ದಿನವನ್ನು ಅವಳಿಗೆ ಯಾರೂ ನೆನಪಿಸಿರಲಿಲ್ಲ. ಚೀಟಿಯಲ್ಲಿ ಬರೆದಿತ್ತು, ಓದಲು ಬರುತ್ತಿರಲಿಲ್ಲ.

ಅದಕ್ಕೇ ಆ ವರ್ಷ ಸಂಘ ಹೊಸ ಏರ್ಪಾಟು ಮಾಡಿತು. ಎರಡನೇ ಲಸಿಕೆಯ ಹಿಂದಿನ ದಿನ ಬೆಳಿಗ್ಗೆ ಒಂಬತ್ತಕ್ಕೆ ಪ್ರತಿ ಮಂದೆಯವರ ಫೋನಿಗೂ ಕರೆ ಹೋಗಬೇಕು, ಕನ್ನಡದಲ್ಲಿ ಧ್ವನಿ ಬರಬೇಕು. ಅದಕ್ಕೊಂದು ಪ್ರೋಗ್ರಾಂ ಬರೆಸಿ ತಂದದ್ದೂ ಆಯಿತು. ಧ್ವನಿ ಮಾತ್ರ ಪೇಟೆಯದಾಗಿ, "ದಯವಿಟ್ಟು ಗಮನಿಸಿ" ಎಂದು ಶುರುವಾಗುತ್ತಿತ್ತು. ತಿಪ್ಪೇಸ್ವಾಮಣ್ಣ ಕೇಳಿ ತಲೆಯಾಡಿಸಿದರು. "ಇದು ಬ್ಯಾಂಕಿನೋರು ಅನ್ಕಂಡು ಕಟ್ ಮಾಡ್ತಾರಮ್ಮ. ನೀನೇ ಮಾತಾಡು." ಗೊಬ್ಬರದ ಅಂಗಡಿಯ ತಕ್ಕಡಿ ಸದ್ದು, ಲಾರಿ ಹಾರನ್ನುಗಳ ನಡುವೆ ಹದಿನೇಳು ಸಲ ಮಾತಾಡಿದೆ. ಹದಿನಾರು ಸಲ ಮಧ್ಯದಲ್ಲೇ ಯಾರನ್ನೋ ಬೈದಿದ್ದೆ. ಹದಿನೇಳನೆಯದು ಉಳಿಯಿತು.

ತಂಟೆ ಶುರುವಾದದ್ದು ಆಮೇಲೆ. ಚೀಟಿ ಮುದ್ರಿಸುವ ಹಳೆಯ ಪ್ರೋಗ್ರಾಂ, ಕರೆ ಕಳಿಸುವ ಹೊಸ ಪ್ರೋಗ್ರಾಂ, ಎರಡನ್ನೂ ಬರೆದದ್ದು ಜಾವಾಸ್ಕ್ರಿಪ್ಟಿನಲ್ಲೇ. ಅದನ್ನು ಓಡಿಸಲು ನೋಡ್ ಎನ್ನುವ ಎಂಜಿನ್ನು ಬೇಕು. ಹಳೆಯದಕ್ಕೆ ನೋಡ್ ಹತ್ತನೇ ಆವೃತ್ತಿಯೇ ಆಗಬೇಕು, ಇಲ್ಲದಿದ್ದರೆ ಪ್ರಿಂಟರಿನ ಜೊತೆ ಮಾತೇ ಆಡುವುದಿಲ್ಲ. ಹೊಸದಕ್ಕೆ ಹದಿನೆಂಟೇ ಬೇಕು, ಹತ್ತನ್ನು ಕಂಡರೆ ಕೆಂಪು ಅಕ್ಷರದಲ್ಲಿ ಉಗಿಯುತ್ತದೆ. ನಾನು ಏನೂ ಯೋಚಿಸದೆ ಹತ್ತನ್ನು ಕಿತ್ತುಹಾಕಿ ಹದಿನೆಂಟನ್ನು ಕೂರಿಸಿದೆ. ಕರೆ ಹೋಯಿತು, ಚೀಟಿ ನಿಂತಿತು. ಮತ್ತೆ ಹತ್ತು ಹಾಕಿದೆ. ಚೀಟಿ ಬಂತು, ಕರೆ ಸತ್ತಿತು. ಎರಡೂ ಬೇಕೇ ಬೇಕು. ಚೀಟಿ ಮುದ್ರಿಸಿದಾಗಲೇ ಮಂದೆಯ ಹೆಸರು, ಫೋನ್ ನಂಬರು ಪಟ್ಟಿಗೆ ಸೇರುವುದು, ಆ ಪಟ್ಟಿ ನೋಡಿಯೇ ಕರೆ ಹೋಗುವುದು.

ಒಂದು ವಾರ ನಾನು ಮಾಡಿದ ಕೆಲಸ ನೆನೆದರೆ ನನಗೇ ನಗು ಬರುತ್ತದೆ. ಬೆಳಿಗ್ಗೆ ಹತ್ತು ಹಾಕು, ಚೀಟಿ ತೆಗೆ. ಮಧ್ಯಾಹ್ನ ಹತ್ತು ಕೀಳು, ಹದಿನೆಂಟು ಹಾಕು, ಕರೆ ಪರೀಕ್ಷಿಸು. ಸಂಜೆ ಹದಿನೆಂಟು ಕೀಳು. ಹೊಸದುರ್ಗದ ಮಳೆಗಾಲದ ಇಂಟರ್‌ನೆಟ್ಟಿನಲ್ಲಿ ಒಂದೊಂದಕ್ಕೂ ಮುಕ್ಕಾಲು ಗಂಟೆ. ತಿಪ್ಪೇಸ್ವಾಮಣ್ಣ ಕನ್ನಡಕದ ಮೇಲಿಂದ ನೋಡಿ, "ಏನಮ್ಮ, ದಿನಾ ಮನೆ ಕೆಡವಿ ದಿನಾ ಗೃಹಪ್ರವೇಶ ಮಾಡ್ತೀಯಲ್ಲ" ಎಂದರು. ಮತ್ತೋಡಿನಲ್ಲಿ ಲಸಿಕೆ ಶಿಬಿರಕ್ಕೆ ಆರೇ ದಿನ ಉಳಿದಿತ್ತು. ಅಲ್ಲಿಗೆ ಬರುವ ಮಂದೆಗಳು ಮರುದಿನವೇ ಹೊರಟುಬಿಡುತ್ತವೆ, ಪಟ್ಟಿಗೆ ಸೇರದವರನ್ನು ಆಮೇಲೆ ಹಿಡಿಯುವುದು ಆಗದ ಮಾತು. ಈ ಸಲ ಆಗದಿದ್ದರೆ ಮುಂದಿನ ವರ್ಷದಿಂದ ಈ ಕರೆಗಿರೆ ಬೇಡ ಎಂದು ಸಂಘದವರು ಮೊದಲೇ ಹೇಳಿದ್ದರು.

ಮರುದಿನ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ ಖಾರದ ಬನ್ನು ತಿನ್ನುತ್ತಾ ಫೋನಿನಲ್ಲಿ ಹುಡುಕುತ್ತಿದ್ದೆ. ಯಾರೋ, ಎಲ್ಲಿಯವರೋ, ನನ್ನದೇ ಗೋಳನ್ನು ತೋಡಿಕೊಂಡಿದ್ದರು. ಅದರ ಕೆಳಗೆ ಇನ್ಯಾರೋ ಒಂದೇ ಸಾಲಿನ ಉತ್ತರ ಬರೆದಿದ್ದರು: ಕೀಳುವುದು ಯಾಕೆ, ಎನ್‌ವಿಎಂ ಹಾಕಿಕೊಳ್ಳಿ, ನೋಡ್‌ನ ಎಷ್ಟು ಆವೃತ್ತಿ ಬೇಕಾದರೂ ಪಕ್ಕಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಬನ್ನನ್ನು ಅರ್ಧಕ್ಕೇ ಬಿಟ್ಟು ಓಡಿದೆ. ನಾನು ತಿಂಡಿ ಬಿಟ್ಟು ಎದ್ದದ್ದು ಜೀವನದಲ್ಲಿ ಅದೊಂದೇ ಸಲ.

ಲ್ಯಾಪ್‌ಟಾಪಿನ ಆಜ್ಞೆ ಹೊಡೆಯುವ ಕಪ್ಪು ಪರದೆ ತೆರೆದು, ಎನ್‌ವಿಎಂನ ಪುಟದಲ್ಲಿ ಹೇಳಿದ್ದ ಉದ್ದನೆಯ ಸಾಲನ್ನು ಹಾಕಿ ಎಂಟರ್ ಒತ್ತಿದೆ. ಏನೇನೋ ಇಳಿಯಿತು. ಉತ್ಸಾಹದಿಂದ 'ಎನ್‌ವಿಎಂ' ಎಂದು ಹೊಡೆದರೆ ಅಂಥದ್ದೊಂದು ಆಜ್ಞೆಯೇ ಇಲ್ಲ ಎಂದಿತು. ಅದರ ವಂಶವನ್ನೆಲ್ಲ ಬೈದು ಪರದೆ ಮುಚ್ಚಿದೆ. ಸಿಟ್ಟು ತಣಿಯದೆ ಇನ್ನೊಮ್ಮೆ ತೆರೆದು ಹೊಡೆದರೆ ಈಗ ಇದೆ. ಮುಚ್ಚಿ ತೆರೆಯಬೇಕಿತ್ತು ಅಷ್ಟೆ. ಮೊದಲು 'ಎನ್‌ವಿಎಂ ಇನ್‌ಸ್ಟಾಲ್ 18', ಆಮೇಲೆ 'ಎನ್‌ವಿಎಂ ಇನ್‌ಸ್ಟಾಲ್ 10'. ಆಮೇಲೆ 'ಎನ್‌ವಿಎಂ ಎಲ್‌ಎಸ್' ಎಂದು ಹೊಡೆದು ಏನೇನಿದೆ ಎಂದು ಕೇಳಿದೆ. ಹತ್ತು ಮೇಲೆ, ಹದಿನೆಂಟು ಕೆಳಗೆ, ಒಂದರ ಕೆಳಗೊಂದು ಜಗಳವಿಲ್ಲದೆ ಕೂತಿದ್ದವು. 'ಎನ್‌ವಿಎಂ ಯೂಸ್ 10' ಎಂದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹತ್ತು ಬಂತು, ಪ್ರಿಂಟರು ಕಿರ್ರೆಂದು ಚೀಟಿ ಉಗುಳಿತು. 'ಎನ್‌ವಿಎಂ ಯೂಸ್ 18' ಎಂದೆ. ತಿಪ್ಪೇಸ್ವಾಮಣ್ಣನ ಅಂಗಿ ಜೇಬಿನಲ್ಲಿ ಫೋನು ರಿಂಗಾಯಿತು, ಎತ್ತಿದರೆ ನನ್ನ ದನಿ. ಮುಕ್ಕಾಲು ಗಂಟೆಯ ಕೆಲಸ ಒಂದು ಕ್ಷಣದಲ್ಲಿ. ನನಗೆ ಹುಚ್ಚೇ ಹಿಡಿಯಿತು. ಹತ್ತು, ಹದಿನೆಂಟು, ಹತ್ತು, ಹದಿನೆಂಟು ಎಂದು ಬದಲಿಸುತ್ತಲೇ ಇದ್ದೆ. ಕೆಳಗಿನ ಅಂಗಡಿಯವರು ಮೇಲೆ ಬಂದು, "ಏನ್ರಿ, ಮ್ಯಾಲೆ ಯಾರಿಗೆ ಮದ್ವೆ?" ಎಂದು ಕೇಳಿ ಹೋದರು. ಅಷ್ಟು ಖುಷಿ ನನಗೆ ಡಿಗ್ರಿ ಪಾಸಾದಾಗಲೂ ಆಗಿರಲಿಲ್ಲ.

ಶಿಬಿರದ ದಿನ ಮತ್ತೋಡಿನ ಹೊರಗಿನ ಬಯಲು ಬೆಳಿಗ್ಗೆ ಏಳಕ್ಕೇ ಬಿಳಿ, ಕಪ್ಪು, ಕಂದು ಬೆನ್ನುಗಳಿಂದ ತುಂಬಿತು. ತುಂತುರು ಮಳೆ, ಎಲ್ಲರ ಮೈಮೇಲೂ ಕಂಬಳಿ ಕೊಪ್ಪೆ, ಆ ಘಾಟು. ಡಾಕ್ಟರು ಒಂದು ಕಡೆ, ನಾವು ತಾಡಪಾಲಿನ ಕೆಳಗೆ ಇನ್ನೊಂದು ಕಡೆ. ಚೀಟಿ ತಗೊಂಡ ಮಂದೆ ಡಾಕ್ಟರ ಹತ್ತಿರ ಹೋಗಬೇಕು. ಬೆಳಗಿನಿಂದ ಒಂದೇ ಪರದೆಯಲ್ಲಿ ಹತ್ತನ್ನು ಇಟ್ಟುಕೊಂಡು ಚೀಟಿ ಮೇಲೆ ಚೀಟಿ ತೆಗೆದೆ. ಮಧ್ಯಾಹ್ನ, "ಮುದ್ದೆ ಆರ್ತೈತೆ, ನೀ ಉಂಡ್ ಬಾರಮ್ಮ, ನಾನು ನೋಡ್ಕಂತೀನಿ" ಎಂದರು ತಿಪ್ಪೇಸ್ವಾಮಣ್ಣ. ಯಾವ ಸಾಲು ಹೊಡೆದರೆ ಚೀಟಿ ಬರುತ್ತದೆ ಎಂದು ಬರೆದುಕೊಟ್ಟು ಎದ್ದೆ.

ಎರಡನೇ ತುತ್ತು ನುಂಗುವಷ್ಟರಲ್ಲಿ ಬಯಲಿನಿಂದ ಗಲಾಟೆ. ಆದದ್ದು ಇಷ್ಟು. ನಾನು ಎದ್ದ ಕೂಡಲೇ ತಿಪ್ಪೇಸ್ವಾಮಣ್ಣ ತಮ್ಮ ಅಭ್ಯಾಸದಂತೆ, ಬ್ಯಾಟರಿ ಉಳಿಯಲಿ ಎಂದು, ತೆರೆದಿದ್ದ ಪರದೆಯನ್ನು ಮುಚ್ಚಿ, ಮುಂದಿನ ಚೀಟಿಗೆ ಹೊಸದೊಂದು ತೆರೆದರು. 'ಯೂಸ್' ಎಂದು ಹೇಳಿದ ಮಾತು ಹೇಳಿದ ಪರದೆಗಷ್ಟೇ ಸಲ್ಲುತ್ತದೆ. ಹೊಸ ಪರದೆ ತೆರೆದರೆ ಮೊದಲು ಹಾಕಿಕೊಂಡ ಆವೃತ್ತಿಯೇ ಯಜಮಾನ, ಅಂದರೆ ಹದಿನೆಂಟು. ಹದಿನೆಂಟಕ್ಕೂ ಪ್ರಿಂಟರಿಗೂ ಎಣ್ಣೆ ಸೀಗೆಕಾಯಿ. ಚೀಟಿ ನಿಂತಿತು, ಮಂದೆಗಳು ಒಂದರ ಹಿಂದೊಂದು ಒತ್ತಿ ಬಂದವು. ಕಾದು ಬೇಸತ್ತ ಮೂರು ಮಂದೆಗಳು ಬಯಲಿನ ನಡುವೆ ಕಲೆತು ಒಂದಾಗಿಬಿಟ್ಟವು. ಇನ್ನೂರು ಮುನ್ನೂರು ಕುರಿ, ಯಾವುದು ಯಾರದೋ.

ನಾನು ಎಂಜಲು ಕೈಯಲ್ಲೇ ಬಂದು ತಿಪ್ಪೇಸ್ವಾಮಣ್ಣನ ಮೇಲೆ ಹರಿಹಾಯ್ದೆ. "ಮುಚ್ಚಬೇಡಿ ಅಂತ ಎಷ್ಟು ಸಲ ಹೇಳಿದೀನಿ? ಹತ್ತರಲ್ಲಿ ಇಡಬೇಕು ಅಂತ ಗೊತ್ತಾಗಲ್ವಾ?" ನಿಜ ಹೇಳಬೇಕೆಂದರೆ ಒಂದು ಸಲವೂ ಹೇಳಿರಲಿಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿ ನಿಂತರು. ಊರವರ ಮುಂದೆ, ಅಪ್ಪನ ವಯಸ್ಸಿನ ಮನುಷ್ಯನಿಗೆ ಹಾಗೆ ಅಂದದ್ದು ಇವತ್ತಿಗೂ ಚುಚ್ಚುತ್ತದೆ.

ಅಷ್ಟರಲ್ಲಿ ಕಲೆತ ಮಂದೆಯೊಳಗೆ ಕ್ಯಾತಮ್ಮಜ್ಜಿ ನುಗ್ಗಿದ್ದಳು. ಸಣ್ಣ ಕಾಯ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದು ಕುರಿಯ ಕಿವಿ ಹಿಡಿದು ನೋಡುತ್ತಾಳೆ, ಆ ಕಡೆ ಈ ಕಡೆ ತಳ್ಳುತ್ತಾಳೆ. ಎಡಗಿವಿ ತುದಿ ಸೀಳಿದ್ದು ಅವಳದು. ಬಲಗಿವಿಗೆ ತೂತು ಇದ್ದದ್ದು ಒಬ್ಬರದು. ಎರಡೂ ಕಿವಿಯ ಅಂಚು ಕತ್ತರಿಸಿದ್ದು ಇನ್ನೊಬ್ಬರದು. ಮರಿಯಾಗಿದ್ದಾಗಲೇ ಮಾಡುವ ಗುರುತು, ಮನೆಮನೆಗೂ ಬೇರೆ. ಮೂರೂ ಮಂದೆಯವರು ಸೇರಿ ಟೀ ಕುಡಿಯುವಷ್ಟು ಹೊತ್ತಿನಲ್ಲಿ ಎಲ್ಲವನ್ನೂ ಬಿಡಿಸಿದರು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಅಜ್ಜಿ ಕೈ ಒರೆಸಿಕೊಳ್ಳುತ್ತಾ ತಾಡಪಾಲಿನ ಕೆಳಗೆ ಬಂದಳು. "ಯಾಕವ್ವ ಆ ಯಪ್ಪನ್ನ ಅಂಗೆ ಬೈದೆ?"

ಅಜ್ಜಿಗೆ ಹೇಗೆ ಹೇಳುವುದು ಎಂದು ಯೋಚಿಸಿ ಹೇಳಿದೆ. "ಇದರೊಳಗೆ ಎರಡು ಕೆಲಸ ಇದಾವೆ ಅಜ್ಜಿ. ಒಂದಕ್ಕೆ ಹತ್ತು ಬೇಕು, ಒಂದಕ್ಕೆ ಹದಿನೆಂಟು. ಅವರು ಅದಲುಬದಲು ಮಾಡಿಬಿಟ್ರು."

"ಯಾವ್ದಕ್ಕೆ ಯಾವ್ದು ಅಂತ ಗುರ್ತು ಎಲ್ಲಿಕ್ಕಿದೀಯ?"

"ನನಗೆ ಗೊತ್ತಲ್ಲ. ತಲೇಲಿ ಐತೆ."

ಅಜ್ಜಿ ನನ್ನ ತಲೆಯನ್ನೇ ಒಮ್ಮೆ ನೋಡಿದಳು. "ನಿನ್ ತಲೇಲಿದ್ರೆ ನೀನು ಉಣ್ಣಾಕೆ ಹೋದಾಗ ಯಾರು ಬಿಡಿಸ್ಬೇಕು? ಗುರ್ತು ಕುರಿ ಕಿವೀಲಿರ್ಬೇಕು ಕಣವ್ವ, ಕಾಯೋರ ತಲೇಲಲ್ಲ."

ಅಷ್ಟು ಹೇಳಿ ಕೂತು ಎಲೆ ಅಡಿಕೆ ತೆಗೆದಳು. ನಾನು ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡೆ. ಯಾಕೆಂದರೆ ಹಾಗೆ ಗುರುತು ಹಾಕುವ ದಾರಿ ಇದೆ ಎಂದು ನಾನು ಎನ್‌ವಿಎಂನ ಪುಟದಲ್ಲೇ ಓದಿದ್ದೆ, ನನಗೇಕೆ ಬೇಕು ಎಂದು ಹಾರಿಸಿಬಿಟ್ಟಿದ್ದೆ. ಪ್ರೋಗ್ರಾಂ ಇರುವ ಫೋಲ್ಡರಿನೊಳಗೆ ಒಂದು ಪುಟ್ಟ ಫೈಲು ಮಾಡಿ, ಅದರಲ್ಲಿ ಆವೃತ್ತಿಯ ಅಂಕೆಯೊಂದನ್ನೇ ಬರೆದಿಟ್ಟರೆ ಸಾಕು. ಯಾರು, ಯಾವ ಪರದೆ ತೆರೆದರೂ ಚಿಂತೆಯಿಲ್ಲ. ಆ ಫೋಲ್ಡರಿಗೆ ಹೋಗಿ ಬರೀ 'ಎನ್‌ವಿಎಂ ಯೂಸ್' ಎಂದರೆ ಅದು ತಾನೇ ಗುರುತು ನೋಡಿ ಸರಿಯಾದ ಆವೃತ್ತಿಯನ್ನು ಕರೆಯುತ್ತದೆ. ಚೀಟಿಯ ಫೋಲ್ಡರಿನಲ್ಲಿ ಹತ್ತು ಎಂದು ಬರೆದೆ, ಕರೆಯ ಫೋಲ್ಡರಿನಲ್ಲಿ ಹದಿನೆಂಟು ಎಂದು. ಒಂದು ನಿಮಿಷದ ಕೆಲಸ. ತಿಪ್ಪೇಸ್ವಾಮಣ್ಣನನ್ನು ಕರೆದು, "ಎಲ್ಲಾ ಮುಚ್ಚಿ, ಹೊಸದಾಗಿ ತೆರೀರಿ, ನೀವೇ ಮಾಡಿ" ಎಂದೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಹತ್ತು ಬಂತು. ಚೀಟಿ ಬಂತು. ಅವರ ಮುಖದ ಮೇಲೆ ಬಂದ ನಗು ನೋಡಿ ನನಗೆ ಅಳು ಬಂದಹಾಗಾಯಿತು, ಮಳೆ ಹನಿ ಎಂದು ಒರೆಸಿಕೊಂಡೆ. ಅವತ್ತು ಇಪ್ಪತ್ತೇಳು ಮಂದೆಗೆ ಲಸಿಕೆಯಾಯಿತು. ಕೊನೆಯ ಹನ್ನೆರಡು ಚೀಟಿಗಳನ್ನು ತೆಗೆದವರು ಅವರೇ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಯಲು ಖಾಲಿ.

ಆಮೇಲಿನ ನಾಲ್ಕು ವಾರ ನಾನು ಕ್ಯಾಲೆಂಡರು ನೋಡಿದಷ್ಟು ಕನ್ನಡಿ ನೋಡಿಕೊಳ್ಳಲಿಲ್ಲ. ಕರೆ ಹೋಗಬೇಕಾದ ಬೆಳಿಗ್ಗೆಯೇ ನಾನು ಹೊಳಲ್ಕೆರೆಗೆ ಹೋಗಬೇಕಾಗಿ ಬಂತು. ಅಲ್ಲಿನ ಡಾಕ್ಟರಿಗೆ ನಮ್ಮ ಮಂದೆಗಳ ಪಟ್ಟಿ ಮುಟ್ಟಿಸಿ, ಮರುದಿನಕ್ಕೆ ಲಸಿಕೆ ತೆಗೆದಿಡಲು ಹೇಳಬೇಕಿತ್ತು. ಲ್ಯಾಪ್‌ಟಾಪು ಹೊಸದುರ್ಗದಲ್ಲಿ, ಅದರ ಮುಂದೆ ತಿಪ್ಪೇಸ್ವಾಮಣ್ಣ ಒಬ್ಬರೇ. ಹೊರಡುವ ಮುಂಚೆ ನನ್ನನ್ನು ಕೂರಿಸಿಕೊಂಡು ಹೇಳಿದರು. "ಒಂಬತ್ತೂವರೆ ತನ್ಕ ನನಗೆ ಫೋನ್ ಮಾಡ್ಬ್ಯಾಡ ಕಣಮ್ಮ. ನಿನ್ ದನಿ ಕೇಳಿದ್ರೆ ಗೊತ್ತಿರೋದೂ ಮರ್ತ್‌ಹೋಗ್ತೈತೆ." ಮತ್ತೋಡಿನ ಬಯಲು ನೆನಪಾಗಿ ತಲೆ ತಗ್ಗಿಸಿ ಮಾತು ಕೊಟ್ಟೆ.

ಹೊಳಲ್ಕೆರೆ ಇನ್ನೂ ಸ್ವಲ್ಪ ದೂರವಿರುವಾಗ ಬಸ್ಸಿನ ಕಿಟಕಿಯಿಂದ ಗುಡ್ಡದ ಬುಡದಲ್ಲಿ ಒಂದು ಮಂದೆ ಕಂಡಿತು. ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿದ ಸಣ್ಣ ಕಾಯ. ಕಂಡಕ್ಟರನ್ನು ಕಾಡಿ ಇಳಿದು, ಕೆಸರಿನಲ್ಲಿ ಓಡಿದೆ. ಗಂಟೆ ಒಂಬತ್ತಾಗಲು ಐದು ನಿಮಿಷ.

"ಬಾರವ್ವ, ಕುಂತ್ಕ" ಎಂದಳು ಅಜ್ಜಿ, ನಾನು ಅಲ್ಲಿ ಪ್ರತ್ಯಕ್ಷವಾದದ್ದು ಏನೂ ಆಶ್ಚರ್ಯವಲ್ಲ ಎನ್ನುವ ಹಾಗೆ. "ಈಗ ಗುಡ್ಡ ಹತ್ತಿಸ್ತೀನಿ. ಆಚೆ ಮಗ್ಗಲಾಗೆ ಮೇವು ಚೆನ್ನಾಗೈತಂತೆ. ಇಳಿಯಾದು ಇನ್ನೊಂದು ವಾರಕ್ಕೇಯ."

ಒಂದು ವಾರ. ಮೆಲ್ಲಗೆ ಕೇಳಿದೆ. "ಎರಡನೇ ಸೂಜಿ ಯಾವತ್ತು ಅಂತ ಗೊತ್ತಾ ಅಜ್ಜಿ?"

"ಫೋನ್ ಮಾಡಿ ಹೇಳ್ತಾರಂತಲ್ಲ. ಬಂದಿಲ್ಲ ಅಂದ್ಮ್ಯಾಲೆ ಇನ್ನೂ ದಿನ ಐತೆ."

ನಾಳೆಯೇ ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹೇಳಿದರೆ ಇವಳ ಕುರಿ ಉಳಿಯುತ್ತವೆ, ಸರಿ. ಇವಳಂತೆಯೇ ಕರೆ ಬರುತ್ತದೆಂದು ನಂಬಿಕೊಂಡು ಉಳಿದ ಇಪ್ಪತ್ತಾರು ಮಂದೆ ಯಾವ ಯಾವ ಗುಡ್ಡದ ಬುಡದಲ್ಲಿ ನಿಂತಿವೆಯೋ, ಅವರಿಗೆ ಯಾರು ಹೇಳಬೇಕು? ಇವಳ ಫೋನು ಬಂದರೆ ಎಲ್ಲರದೂ ಬಂದ ಹಾಗೆ. ಒಂಬತ್ತೂವರೆವರೆಗೆ ನೋಡೋಣ, ಬರದಿದ್ದರೆ ಇವಳನ್ನು ತಡೆದು, ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ನಾನೇ ಮಾಡುತ್ತೇನೆ ಎಂದು ಹಲ್ಲು ಕಚ್ಚಿ ಕೂತೆ.

ಒಂಬತ್ತಾಯಿತು. ಐದು ನಿಮಿಷ. ಹತ್ತು ನಿಮಿಷ. ತಿಪ್ಪೇಸ್ವಾಮಣ್ಣ ಯಾವ ಅಕ್ಷರ ಹುಡುಕುತ್ತಿದ್ದಾರೋ. ನನ್ನ ಫೋನು ತೆಗೆದೆ, ಒಳಗಿಟ್ಟೆ, ಮತ್ತೆ ತೆಗೆದೆ. ಅಜ್ಜಿ ಎದ್ದು ಕೋಲು ತಗೊಂಡು ಮುಂದಿನ ಟಗರನ್ನು ಗುಡ್ಡದ ಕಡೆ ತಿರುಗಿಸಿದಳು. ಹಿಂದಿನವು ಒಂದೊಂದಾಗಿ ಅದರ ಹಿಂದೆ ಹೊರಟವು. ನಾನೂ ಎದ್ದು ನಿಂತೆ, ಬಾಯಿ ತೆರೆದೇಬಿಟ್ಟೆ.

ಅಜ್ಜಿಯ ಮಡಿಲಿನಲ್ಲಿ ಫೋನು ರಿಂಗಾಯಿತು.

ಗಂಟು ಬಿಚ್ಚಿ ತೆಗೆದು ಕಿವಿಗಿಟ್ಟುಕೊಂಡಳು. ಎರಡು ಮಾರು ದೂರ ನಿಂತ ನನಗೂ ಕೇಳುತ್ತಿತ್ತು, ನನ್ನದೇ ದನಿ, ಹಿಂದುಗಡೆ ಗೊಬ್ಬರದ ಅಂಗಡಿಯ ಲಾರಿ ಹಾರನ್ನು. "ನಾಳೆ ನಿಮ್ಮ ಕುರಿಗೆ ನೀಲಿ ನಾಲಿಗೆಯ ಎರಡನೇ ಲಸಿಕೆ. ಹತ್ತಿರದ ಪಶು ಆಸ್ಪತ್ರೆಗೆ ಚೀಟಿ ತಗೊಂಡು ಬರ್ರಿ. ಮರೀಬ್ಯಾಡ್ರಿ." ಅಜ್ಜಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಫೋನಿಗೇ ತಲೆಯಾಡಿಸಿ, "ಊಂ ಕಣವ್ವ, ತತ್ತೀನಿ. ಚೀಟಿ ಐತೆ, ಜ್ವಾಪಾನವಾಗಿಕ್ಕಿದೀನಿ. ನೀನು ಉಂಡೇನವ್ವ?" ಎಂದಳು. ಉತ್ತರಕ್ಕೆ ಸ್ವಲ್ಪ ಹೊತ್ತು ಕಾದಳು. ಆಮೇಲೆ ಫೋನನ್ನು ಮಡಿಲಿಗೆ ಕಟ್ಟಿಕೊಂಡು, ನಾಲಿಗೆ ಮಡಿಚಿ ಒಂದು ಶಿಳ್ಳೆ ಹಾಕಿದಳು. ಗುಡ್ಡ ಹತ್ತುತ್ತಿದ್ದ ಅಷ್ಟೂ ಕುರಿ ನಿಂತು, ತಿರುಗಿ, ಹೊಳಲ್ಕೆರೆಯ ದಾರಿಗೆ ಇಳಿಯತೊಡಗಿದವು.

ನಾನು ಕೆಸರಿನಲ್ಲಿ ನಿಂತು ಮುಖ ಮುಚ್ಚಿಕೊಂಡು ನಗುತ್ತಿದ್ದೆನೋ ಅಳುತ್ತಿದ್ದೆನೋ ಗೊತ್ತಿಲ್ಲ. ಅಜ್ಜಿ ಹತ್ತಿರ ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಆ ಹುಡುಗಿ ಥೇಟ್ ನಿನ್ನಂಗೇ ಮಾತಾಡ್ತಾಳೆ ಕಣವ್ವ" ಎಂದಳು. "ಆದ್ರೆ ನಿನ್ಗಿಂತ ಅವಳಿಗೆ ಸೈರಣೆ ಜಾಸ್ತಿ."